ತಿಂಗಳ ಕೊನೆಯಲ್ಲಿ ತೆವಳುವ ಮೊಬೈಲು

ತಿಂಗಳ ಇಪ್ಪತ್ತನೇ ತಾರೀಖು ದಾಟಿತೆಂದರೆ ಫೋಲ್ಕೆಯ ಮೊಬೈಲು ತೆವಳತೊಡಗುತ್ತಿತ್ತು. ಮೊದಲ ವಾರ ಕುದುರೆ, ಕೊನೆಯ ವಾರ ಬಸವನಹುಳು. ಸಮುದ್ರದ ಏರಿಗೆ ಅಂಟಿಕೊಂಡ ಆ ಹಳ್ಳಿಯಲ್ಲಿ ಇದು ಅವಳೊಬ್ಬಳ ಗೋಳಲ್ಲ. ಬ್ರೆಡ್ಡಿನ ಅಂಗಡಿಯ ಮುಂದೆ ನಿಂತರೆ ಟವರ್ ಸರಿಯಿಲ್ಲ ಎನ್ನುವವರೊಬ್ಬರು, ಗಾಳಿ ಜಾಸ್ತಿಯಾಗಿದೆ ಎನ್ನುವವರು ಇನ್ನೊಬ್ಬರು.

ಅವಳ ಗಂಡ ಓಕ್ಕೋ ಈ ಎರಡನ್ನೂ ಒಪ್ಪುತ್ತಿರಲಿಲ್ಲ. ಮೂವತ್ತೆರಡು ವರ್ಷ ಏರಿಯ ತೂಬಿನ ಗೇಟು ಕಾಯ್ದು ನಿವೃತ್ತನಾದವನು ಅವನು.

"ಫೋನಿಗೆ ವಯಸ್ಸಾಯ್ತು ಕಣೆ. ಹೊಸದು ತಗೊಳ್ಳೋಣ."

"ವಯಸ್ಸಾಗಿದ್ದನ್ನೆಲ್ಲ ಬದಲಾಯಿಸ್ತಾ ಹೋದ್ರೆ ಮೊದಲು ನಿನ್ನ ಸರದಿ ಬರುತ್ತೆ, ನೋಡ್ಕೋ" ಎನ್ನುತ್ತಿದ್ದಳು ಫೋಲ್ಕೆ.

ಆದರೆ ಆ ಫೋನು ಅವಳಿಗೆ ಬರೀ ಫೋನಾಗಿರಲಿಲ್ಲ. ಅವಳ ಅಕ್ಕ ಅಲ್ಮುತ್‌ಗೆ ಹುಟ್ಟಿನಿಂದಲೇ ಕಿವಿ ಕೇಳದು. ಅಕ್ಕತಂಗಿಯರ ಮಾತೆಲ್ಲ ಚಿಕ್ಕಂದಿನಿಂದಲೂ ಕೈಸನ್ನೆಯಲ್ಲೇ. ಅಲ್ಮುತ್ ಇರುವುದು ಎಮ್ಡೆನ್ ಪೇಟೆಯಲ್ಲಿ, ಒಬ್ಬಳೇ. ವಾರಕ್ಕೆ ಮೂರು ಸಲ, ಮಧ್ಯಾಹ್ನದ ಚಹಾದ ಹೊತ್ತಿಗೆ, ಇಬ್ಬರೂ ಮೊಬೈಲನ್ನು ಸಕ್ಕರೆ ಡಬ್ಬಿಗೆ ಆನಿಸಿ ವಿಡಿಯೋ ಕರೆಯಲ್ಲಿ ಕೂರುತ್ತಿದ್ದರು. ನಾಲ್ಕು ಕೈಗಳು ಹರಟುತ್ತಿದ್ದವು, ಜಗಳವಾಡುತ್ತಿದ್ದವು, ಊರಿನವರನ್ನೆಲ್ಲ ಆಡಿಕೊಳ್ಳುತ್ತಿದ್ದವು.

"ಒಂದು ಸದ್ದಿಲ್ಲ, ಆದ್ರೂ ಎಷ್ಟು ಗಲಾಟೆ!" ಎಂದು ಓಕ್ಕೋ ನಗುತ್ತಿದ್ದ.

ಆ ಶರತ್ಕಾಲದಲ್ಲಿ ಅಲ್ಮುತ್‌ಳ ಕಣ್ಣಿಗೆ ಪೊರೆ ಬಂತು. ಗುರುವಾರ ಆಪರೇಷನ್ ಎಂದು ಗೊತ್ತಾಯಿತು.

"ನನಗೆ ಕಣ್ಣೇ ಕಿವಿ. ನೀನು ಪಕ್ಕದಲ್ಲಿಲ್ಲದೆ ನಾನು ಒಳಗೆ ಕಾಲಿಡೋದಿಲ್ಲ" ಎಂದಿತು ಅಕ್ಕನ ಕೈ.

"ಬರ್ತೀನಕ್ಕ, ಬರದೇ ಇರ್ತೀನಾ" ಎಂದಿತು ತಂಗಿಯ ಕೈ.

ಹಿಂದಿನ ಶುಕ್ರವಾರ, ತಿಂಗಳ ಇಪ್ಪತ್ತನಾಲ್ಕು. ಕರೆ ಸಿಕ್ಕಿತು, ಆದರೆ ಚಿತ್ರ ಚೂರುಚೂರು. ಅಲ್ಮುತ್ ತನ್ನ ಹೊಸ ಕೋಟು ತೋರಿಸಿ ಚೆನ್ನಾಗಿದೆಯಾ ಎಂದಳು. ಫೋಲ್ಕೆ ಹೂಂ ಎಂದು ತಲೆಯಾಡಿಸಿದಳು. ಆಮೇಲೆ ಅಕ್ಕ ಇನ್ನೇನೋ ಹೇಳಲು ಎತ್ತಿದ ಕೈ ಗಾಳಿಯಲ್ಲೇ ನಿಂತುಬಿಟ್ಟಿತು. ಚೌಕಚೌಕವಾಗಿ ಕಲಸಿಹೋಯಿತು. ಕರೆ ಕಡಿಯಿತು. ಮತ್ತೆ ಮೂರು ಸಲ ಪ್ರಯತ್ನಿಸಿ ಫೋಲ್ಕೆ ಸುಮ್ಮನಾದಳು.

ಮಂಗಳವಾರ ಬೆಳಿಗ್ಗೆ ಅವಳು ಚರ್ಚಿನ ಸಭಾಂಗಣ ಗುಡಿಸಲು ಹೋಗಿದ್ದಳು, ಫೋನು ಮನೆಯಲ್ಲಿತ್ತು. ಹನ್ನೊಂದಕ್ಕೆ ಬಂದು ನೋಡಿದರೆ ಅಕ್ಕನಿಂದ ನಾಲ್ಕು ಸಂದೇಶ. "ಎಲ್ಲಿದ್ದೀಯ?" "ನನ್ನ ಹೆಸರು ಕರೀತಿದಾರೋ ಏನೋ." "ಫೋಲ್ಕೆ?" ನಾಲ್ಕನೆಯದು: "ಮನೆಗೆ ಹೊರಟೆ."

ಬಸ್ಸು ಹಿಡಿದು ಎಮ್ಡೆನ್ ಮುಟ್ಟಿದಾಗ ಅಲ್ಮುತ್ ಹಾಕಿದ ಕೋಟನ್ನೂ ಬಿಚ್ಚದೆ ಅಡುಗೆಮನೆಯಲ್ಲಿ ಕೂತಿದ್ದಳು.

"ಆಪರೇಷನ್ ಮಂಗಳವಾರಕ್ಕೆ ಬಂತು, ಎಂಟು ಗಂಟೆಗೆ ಬರ್ತೀಯಾ ಅಂತ ಕೇಳಿದೆ. ನೀನು ತಲೆಯಾಡಿಸಿದೆ!"

"ಅಯ್ಯೋ ಅಕ್ಕ, ನಾನು ತಲೆಯಾಡಿಸಿದ್ದು ನಿನ್ನ ಕೋಟಿಗೆ!"

ತಡವಾಗಿ ತಲುಪಿದ ಒಂದು ಹೂಂ, ಮುಂದಿನ ಪ್ರಶ್ನೆಗೆ ಉತ್ತರವಾಗಿಬಿಟ್ಟಿತ್ತು. ಅಲ್ಮುತ್‌ಳ ಕೈ ಮಾತು ಮುಂದುವರಿಸಿತು. "ಎಲ್ರೂ ಮಾಸ್ಕ್ ಹಾಕಿದ್ರು. ಯಾರ ತುಟೀನೂ ಕಾಣ್ಲಿಲ್ಲ. ಕಣ್ಣು ಕಟ್ಟಿಬಿಟ್ರೆ ನನ್ನ ಗತಿ ಏನು ಅನ್ನಿಸ್ತು. ಎದ್ದು ಬಂದ್ಬಿಟ್ಟೆ."

ಹೊಸ ದಿನ ಸಿಕ್ಕಿದ್ದು ಮುಂದಿನ ತಿಂಗಳ ಇಪ್ಪತ್ತೆಂಟಕ್ಕೆ. ಮತ್ತೆ ತಿಂಗಳ ಕೊನೆ.

ಮರುದಿನ ಬುಧವಾರ, ಊರಿಗೆ ಪುಸ್ತಕದ ಬಸ್ಸು ಬರುವ ದಿನ. ಅದನ್ನು ಓಡಿಸುವ ಸ್ವಾಂತ್ಯೆ ಎಂಬ ಹೆಣ್ಣುಮಗಳು ಪುಸ್ತಕವನ್ನೂ ಕೊಡುತ್ತಾಳೆ, ಮುದುಕರ ಮೊಬೈಲನ್ನೂ ರಿಪೇರಿ ಮಾಡುತ್ತಾಳೆ. ಗಂಡಹೆಂಡತಿ ಇಬ್ಬರೂ ಹೋದರು.

"ಯಾವ ಹೊಸ ಫೋನ್ ತಗೊಳ್ಲಿ, ಅಷ್ಟು ಹೇಳಮ್ಮ ಸಾಕು" ಎಂದ ಓಕ್ಕೋ.

ಸ್ವಾಂತ್ಯೆ ಫೋನನ್ನು ಬಸ್ಸಿನ ವೈಫೈಗೆ ಜೋಡಿಸಿ ಅವನ ಕೈಗಿಟ್ಟಳು. "ಏನಾದ್ರೂ ನೋಡಿ."

ವಿಡಿಯೋ ಚಿಮ್ಮಿಕೊಂಡು ಬಂತು. ಓಕ್ಕೋ ಕಣ್ಣು ಮಿಟುಕಿಸಿದ.

"ಫೋನಿಗೆ ಏನೂ ಆಗಿಲ್ಲ. ಕಂಪನಿಯಿಂದ ಮೆಸೇಜ್ ಏನಾದ್ರೂ ಬರ್ತಿತ್ತಾ?"

"ಬರ್ತಿತ್ತು. ಜಾಹೀರಾತು ಅಂತ ಅಳಿಸಿಬಿಡ್ತಿದ್ದೆ" ಎಂದಳು ಫೋಲ್ಕೆ.

"ಅಲ್ಲೇ ಎಡವಿದ್ದು ನೀವು. ನಿಮ್ಮದು ಕಡಿಮೆ ದುಡ್ಡಿನ ಪ್ಲಾನು. ತಿಂಗಳಿಗೆ ಐದು ಜಿಬಿ ಡೇಟಾ. ಅದು ಮುಗಿಯೋವರೆಗೆ ವೇಗ ಸೆಕೆಂಡಿಗೆ ಐವತ್ತು ಮೆಗಾಬಿಟ್‌ವರೆಗೂ ಇರುತ್ತೆ. ಮುಗಿದ ಮೇಲೆ ಬರೀ ಅರವತ್ನಾಲ್ಕು ಕಿಲೋಬಿಟ್."

"ಐವತ್ತಕ್ಕಿಂತ ಅರವತ್ನಾಲ್ಕು ಜಾಸ್ತಿ ಆಯ್ತಲ್ಲ!"

"ಹೆಸರು ನೋಡಿ, ಓಕ್ಕೋ ಅವ್ರೇ. ಒಂದು ಮೆಗಾ ಅಂದ್ರೆ ಸಾವಿರ ಕಿಲೋ. ಐವತ್ತು ಸಾವಿರ ಎಲ್ಲಿ, ಅರವತ್ನಾಲ್ಕು ಎಲ್ಲಿ?"

"ಮತ್ತೆ ಕಾಗದದಲ್ಲಿ ಮಿತಿಯಿಲ್ಲದ ಇಂಟರ್‌ನೆಟ್ ಅಂತ ದಪ್ಪಕ್ಷರದಲ್ಲಿ ಬರೆದಿದ್ರಲ್ಲ!" ಎಂದಳು ಫೋಲ್ಕೆ.

"ಕೆಳಗೆ ಸಣ್ಣಕ್ಷರದಲ್ಲಿ ಇದನ್ನೂ ಬರೆದಿರ್ತಾರೆ. ಇಂಟರ್‌ನೆಟ್ ನಿಲ್ಲೋದಿಲ್ಲ, ಅದು ನಿಜ. ತೆವಳುತ್ತೆ. ಓಕ್ಕೋ ಅವ್ರೇ, ನೀವು ಗೇಟು ಇಳಿಸಿದ್ರೆ ಕಾಲುವೆ ಬತ್ತಿಹೋಗ್ತಿತ್ತಾ?"

"ಎಲ್ಲಾದ್ರೂ ಉಂಟಾ? ಸಂದಿಯಲ್ಲಿ ಜಿನುಗ್ತಿತ್ತು."

"ಇದೂ ಅಷ್ಟೇ. ಕಂಪನಿ ಗೇಟು ಇಳಿಸಿದೆ. ಆ ಜಿನುಗಿನಲ್ಲಿ ಬರಹದ ಸಂದೇಶ ಹೋಗುತ್ತೆ, ವಿಡಿಯೋ ಹೋಗೋದಿಲ್ಲ. ಸಾವಿರ ಯೂರೋ ಫೋನ್ ತಂದ್ರೂ ಇದೇ ಹಣೆಬರಹ. ತಿಂಗಳ ಶುರುವಿನಲ್ಲೇ ನಿಧಾನ ಆದ್ರೆ ಆಗ ಟವರನ್ನೋ ಜನಸಂದಣಿಯನ್ನೋ ಅನುಮಾನಿಸಿ."

ಆಮೇಲೆ ಅವಳು ಸೆಟ್ಟಿಂಗ್ಸ್ ತೆರೆದು, ಯಾವುದಕ್ಕೆ ಎಷ್ಟು ಡೇಟಾ ಹೋಗಿದೆ ಎಂದು ತೋರಿಸಿದಳು. ಅಕ್ಕನ ಕರೆಗಳಿಗೆ ಒಂದು ಜಿಬಿಗಿಂತ ಸ್ವಲ್ಪ ಹೆಚ್ಚು. ವಿಡಿಯೋಗಳಿಗೆ ಮೂರೂವರೆ.

"ನಾನು ವಿಡಿಯೋ ನೋಡೋದೇ ಇಲ್ವಲ್ಲ" ಎಂದಳು ಫೋಲ್ಕೆ.

ಓಕ್ಕೋನ ಕಿವಿ ಕೆಂಪಾಯಿತು. "ಹಡಗು ನೀರಿಗಿಳಿಸೋದು... ಏರಿ ಮೇಲೆ ಕೂತಾಗ ನಿನ್ನ ಫೋನಲ್ಲಿ ಒಂದೊಂದು ನೋಡ್ತಿದ್ದೆ."

ಫೋಲ್ಕೆ ಬಯ್ಯಲಿಲ್ಲ. "ಅಕ್ಕ ಅಲ್ಲಿ ಒಬ್ಬಳೇ ಕೂತಿದ್ದಳು, ಓಕ್ಕೋ" ಎಂದಷ್ಟೇ ಹೇಳಿದಳು. ಅವನಿಗೆ ಬೈಗುಳವೇ ವಾಸಿ ಎನ್ನಿಸಿತು.

ಅಂದೇ ಮೂವರೂ ಕೂತು ಫೋನನ್ನು ಹದಕ್ಕೆ ತಂದರು. ನಾಲ್ಕು ಜಿಬಿ ಮುಗಿದೊಡನೆ ಎಚ್ಚರಿಸುವಂತೆ ಮಾಡಿದರು. ಆ್ಯಪ್‌ಗಳ ಅಪ್‌ಡೇಟು ವೈಫೈ ಸಿಕ್ಕಾಗ ಮಾತ್ರ. ಓಕ್ಕೋನ ಹಡಗುಗಳನ್ನು ಬಸ್ಸಿನ ವೈಫೈನಲ್ಲೇ ಇಳಿಸಿಕೊಂಡರು, ಏರಿಯ ಮೇಲೆ ನೋಡಲು ಡೇಟಾ ಬೇಡ.

"ಇನ್ನೊಂದು ಮಾತು" ಎಂದಳು ಸ್ವಾಂತ್ಯೆ. "ದಿನ, ಗಂಟೆ, ಆಸ್ಪತ್ರೆ ವಿಷಯ ಏನೇ ಇದ್ರೂ ಕರೆ ಮುಗಿದ ಮೇಲೆ ಒಂದು ಸಾಲು ಬರೆದು ಕಳಿಸಿ. ಎರಡೂ ಕಡೆಯಿಂದ."

ಗುರುವಾರ ಓಕ್ಕೋ ತಾನೇ ಎಮ್ಡೆನ್‌ಗೆ ಹೋದ. ಮದುವೆಯಾಗಿ ನಲವತ್ತು ವರ್ಷವಾದರೂ ಅವನು ಕಲಿತಿದ್ದು ಚಹಾ, ಊಟ, ಮಳೆ ಎಂಬ ಮೂರೇ ಸನ್ನೆ. ಹಿಂದಿನ ರಾತ್ರಿ ಹೆಂಡತಿಯಿಂದ 'ತಪ್ಪಾಯ್ತು' ಎಂಬ ಸನ್ನೆಯನ್ನು ಕಲಿತುಕೊಂಡಿದ್ದ. ಬಾಗಿಲಲ್ಲಿ ನಿಂತು ಆ ದಪ್ಪ ಕೈಗಳನ್ನು ಆಡಿಸಿದ. ಅಲ್ಮುತ್ ದುರುಗುಟ್ಟಿ ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. 'ತಪ್ಪಾಯ್ತು' ಎನ್ನಲು ಹೋಗಿ ಅವನು ಎರಡು ಸಲ 'ಬೆಣ್ಣೆ' ಎಂದಿದ್ದ.

ಮುಂದಿನ ತಿಂಗಳ ಇಪ್ಪತ್ತೇಳು. ಡೇಟಾ ಇನ್ನೂ ಮೂರು ಜಿಬಿ ಉಳಿದಿತ್ತು. ಅಕ್ಕನ ಬೆರಳಿನ ಉಗುರೂ ಸ್ಪಷ್ಟವಾಗಿ ಕಾಣುತ್ತಿತ್ತು. "ನಾಳೆ ಎಂಟಕ್ಕೆ?" "ಏಳೂವರೆಗೇ ನಿನ್ನ ಬಾಗಿಲಲ್ಲಿ." ಕರೆ ಮುಗಿದ ಮೇಲೆ ಬರಹದಲ್ಲೂ ಅದೇ ಹೋಯಿತು.

ಆಪರೇಷನ್ ಆಯಿತು. ಮಂಚದ ಮೇಲೆ ಅಲ್ಮುತ್‌ಳ ಅಂಗೈ ಇಡೀ ಹೊತ್ತು ತಂಗಿಯ ಅಂಗೈಯಲ್ಲಿತ್ತು. ಫೋಲ್ಕೆ ಬೆರಳೊತ್ತಿ ಒತ್ತಿ ಮಾತಾಡುತ್ತಿದ್ದಳು. ಮರುದಿನ ಕಣ್ಣಿನ ಪಟ್ಟಿ ಬಿಚ್ಚಿದಾಗ ಅಲ್ಮುತ್ ತಂಗಿಯನ್ನು ನೆಟ್ಟು ನೋಡಿದಳು.

"ಇಷ್ಟೊಂದು ಸುಕ್ಕು ನಿನಗೆ ಯಾವಾಗ ಬಂತೇ?"

ಅಕ್ಕತಂಗಿ ಇಬ್ಬರೂ ನಕ್ಕರು, ನಗುತ್ತಲೇ ಅತ್ತರು.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಪ್ಲಾನು ದಿನದ್ದಿರಲಿ, ತಿಂಗಳದ್ದಿರಲಿ, ಹಾಕಿಸುವ ಮುನ್ನ ಎರಡು ಪ್ರಶ್ನೆ ಕೇಳಿ: ಡೇಟಾ ಎಷ್ಟು? ಅದು ಮುಗಿದ ಮೇಲೆ ವೇಗ ಎಷ್ಟು? ಕಂಪನಿಯ ಎಚ್ಚರಿಕೆಯ ಸಂದೇಶವನ್ನು ಓದದೆ ಅಳಿಸಬೇಡಿ. ಡೇಟಾವನ್ನು ಯಾವುದು ತಿನ್ನುತ್ತಿದೆ ಎಂದು ಇವತ್ತೇ ಮೊಬೈಲು ತೆರೆದು ನೋಡಿ. ಹೊಸ ಫೋನಿಗೆ ದುಡ್ಡು ಸುರಿಯುವುದು ಆಮೇಲೆ. ಗೊತ್ತಾಗದಿದ್ದರೆ ಗೊತ್ತಿರುವವರನ್ನು ಕೇಳಿ, ನಾಚಿಕೆ ಬೇಡ. ನಿಮಗಾಗಿ ಕಾದು ಕೂತವರು ಆ ಕಡೆ ಯಾರೋ ಇದ್ದಾರೆ. ಅವರಿಗೆ ನಿಮ್ಮ ಮುಖ ಪೂರ್ತಿ ಕಾಣಲಿ.