ಗೊತ್ತಿಲ್ಲ ಎನ್ನಬಾರದ ಸಹಾಯವಾಣಿ

ನಮ್ಮ ಸಹಾಯವಾಣಿಯಲ್ಲಿ ಬಾಯಿಗೆ ಬರಬಾರದ ಮಾತು ಒಂದೇ: ಗೊತ್ತಿಲ್ಲ. ಕೆಮ್ಮಬಹುದು, ಕರೆ ಮಾಡಿದವರನ್ನು ಕಾಯಿಸಬಹುದು, ಸಂಗೀತ ಹಾಕಿ ನೀರು ಕುಡಿದು ಬರಬಹುದು. ಆದರೆ ಗೊತ್ತಿಲ್ಲ ಅಂದಿರೋ, ಆ ತಿಂಗಳ ಅಂಕಗಳಿಗೆ ಎಳ್ಳುನೀರು. ಹೊಸ ಬೀಜ, ಹೊಸ ಬೆಳೆ, ವಂಶವಾಹಿ ತಿದ್ದಿದ ಆಹಾರ ಇವುಗಳ ಬಗ್ಗೆ ಜನರಿಗೆ ನಂಬಬಹುದಾದ ಮಾಹಿತಿ ಕೊಡುವುದು ನಮ್ಮ ಕೆಲಸ. ಅದಕ್ಕಾಗಿ ಮೇಜಿನ ಮೇಲೆ ಮೂರು ಕಾರ್ಡು ಇಟ್ಟಿದ್ದಾರೆ. ಹಸಿರು ಕಾರ್ಡು: ಎಲ್ಲವೂ ನಿಯಮದ ಪ್ರಕಾರವೇ ಇದೆ, ಚಿಂತೆ ಬೇಡ. ಹಳದಿ ಕಾರ್ಡು: ನಿಮ್ಮ ವೈದ್ಯರನ್ನು ಕೇಳಿ. ಕೆಂಪು ಕಾರ್ಡು: ಹೆಚ್ಚಿನ ವಿವರಕ್ಕೆ ನಮ್ಮ ವೆಬ್‌ಸೈಟ್ ನೋಡಿ. ವೆಬ್‌ಸೈಟಿನಲ್ಲಿ ಹೆಚ್ಚಿನ ವಿವರಕ್ಕೆ ಸಹಾಯವಾಣಿಗೆ ಕರೆ ಮಾಡಿ ಎಂದು ದಪ್ಪಕ್ಷರದಲ್ಲಿ ಬರೆದಿದೆ.

ಸೇರಿದ ಹೊಸದರಲ್ಲಿ ನಾನು ನಿಯತ್ತಾಗಿ ಓದಿದೆ. ಬೀಜದ ಕಂಪನಿಯವರು ಬರೆದದ್ದನ್ನು ಓದಿದರೆ ಸ್ವರ್ಗಕ್ಕೆ ಮೂರೇ ಗೇಣು. ವಿರೋಧಿಗಳು ಬರೆದದ್ದನ್ನು ಓದಿದರೆ ನಾಳೆ ಬೆಳಗಾಗುವುದೇ ಅನುಮಾನ. ಇಬ್ಬರ ಹಣವನ್ನೂ ಮುಟ್ಟದೆ ಪರೀಕ್ಷೆ ಮಾಡಿದವರ ವರದಿಗಳೂ ಇದ್ದವು. ಪಾಪ, ಅವರಿಗೆ ಹೆದರಿಸಲೂ ಬರುವುದಿಲ್ಲ, ಮರುಳು ಮಾಡಲೂ ಬರುವುದಿಲ್ಲ. ಹಾಗಾಗಿ ಓದುವಾಗ ತೂಕಡಿಕೆ ಬರುತ್ತಿತ್ತು. ಆದರೂ ಹಟ ಹಿಡಿದು ಓದಿದೆ. ಓದಿ ಏನು ಬಂತು? ಆಫೀಸಿನಲ್ಲಿ ಕಾರ್ಡು ನೋಡಿ ಹೇಳಬೇಕು, ಮನೆಯಲ್ಲಿ ನನ್ನ ಮಾತಿಗೆ ಕಾಸಿನ ಕಿಮ್ಮತ್ತಿಲ್ಲ.

ಮನೆಯಲ್ಲಿ ಅತ್ತೆಯದೇ ದರಬಾರು. ಮಾವ ಹೊಟ್ಟೆಯ ಆಪರೇಷನ್ ಮುಗಿಸಿ ಆಸ್ಪತ್ರೆಯಿಂದ ಬಂದಿದ್ದರು. ಮೈ ತುಂಬಿಕೊಳ್ಳದಿದ್ದರೆ ಗಾಯ ಮಾಯುವುದಿಲ್ಲ, ಎಲ್ಲವನ್ನೂ ತಿನ್ನಿಸಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅದೇ ಹೊತ್ತಿಗೆ ಎದುರುಮನೆಯ ವಿಟಮಿನ್ ಅಕ್ಕ ಅತ್ತೆಯ ಫೋನಿಗೆ ವಿಡಿಯೋಗಳನ್ನು ಕಳಿಸತೊಡಗಿದಳು. ಮೊದಲು ಹೆದರಿಸುವುದು, ಆಮೇಲೆ ತಾನು ಮಾರುವ ಪುಡಿಯ ಡಬ್ಬಿ ತೋರಿಸುವುದು ಆಕೆಯ ಪದ್ಧತಿ. ಒಂದು ವಿಡಿಯೋ ಬಂದರೆ ನಮ್ಮ ಅಡುಗೆಮನೆಯಿಂದ ಒಂದು ಪದಾರ್ಥ ಗಡೀಪಾರು.

ಮೊದಲು ಟೊಮೇಟೊ ಹೋಯಿತು, ಅದರೊಳಗೆ ಮೀನು ಇದೆಯಂತೆ. ಆಮೇಲೆ ಮೆಕ್ಕೆಜೋಳ, ಪಪ್ಪಾಯಿ, ಸೋಯಾ ಎಣ್ಣೆ. ಬೀಜವಿಲ್ಲದ ದ್ರಾಕ್ಷಿ ತಿಂದರೆ ವಂಶವೇ ನಿಂತುಹೋಗುತ್ತದಂತೆ. ಎಪ್ಪತ್ತು ದಾಟಿದ ಮಾವನಿಗೆ ಆ ಭಯ ಯಾಕೆ ಎಂದು ಕೇಳಿದ್ದಕ್ಕೆ ಅತ್ತೆ ನನ್ನೊಂದಿಗೆ ಮಾತು ಬಿಟ್ಟರು. ಕೊನೆಗೆ ಉಳಿದದ್ದು ತಿಳಿಗಂಜಿ ಮತ್ತು ವಿಟಮಿನ್ ಅಕ್ಕನ ಪುಡಿ. ನನ್ನ ಗಂಡ ಜಾಣ, ಆಫೀಸಿನ ಕ್ಯಾಂಟೀನಿನಲ್ಲೇ ಉಂಡು ಬಂದು ಮನೆಯಲ್ಲಿ ಹಸಿವಿಲ್ಲ ಅನ್ನುತ್ತಿದ್ದರು.

ಮಾವ ಎಲ್ಲಿಗೆ ಹೋದಾರು? ಅವರ ಅಂಗಿ ಹ್ಯಾಂಗರಿಗೆ ತೂಗುಹಾಕಿದ ಹಾಗೆ ಕಾಣತೊಡಗಿತು. ತೋರಿಸಲು ಕರೆದೊಯ್ದಾಗ ಡಾಕ್ಟರು ತೂಕ ನೋಡಿ ಹುಬ್ಬು ಗಂಟಿಕ್ಕಿದರು. ಹೀಗೇ ಇಳಿದರೆ ಮತ್ತೆ ಆಸ್ಪತ್ರೆಗೆ ಸೇರಿಸಿ ಮೂಗಿಗೆ ನಳಿಕೆ ಹಾಕಬೇಕಾಗುತ್ತದೆ ಎಂದರು. ಈ ಮನೆಗೆ ಬಂದ ದಿನದಿಂದ ನಾನು ಉಂಡೆನೋ ಇಲ್ಲವೋ ಎಂದು ಕೇಳಿದ ಜೀವ ಅದೊಂದೇ. ಮನೆಗೆ ಬಂದವಳೇ ಅತ್ತೆಯ ಮುಂದೆ ವಕೀಲರ ಹಾಗೆ ವಾದ ಹೂಡಿದೆ. ಎಲ್ಲ ಅಪ್ಪಟ ಸುಳ್ಳು, ನನಗೆಲ್ಲ ಗೊತ್ತು ಎಂದೆ.

"ಫೋನಿನ ಆಫೀಸಲ್ಲಿ ಹಲೋ ಅನ್ನೋಳಿಗೆ ಏನೇ ಗೊತ್ತಿರತ್ತೆ?" ಎಂದರು ಅತ್ತೆ. ಆ ಫೋನಿನಲ್ಲಿ ನಾನು ಏನು ಮಾತಾಡುತ್ತೇನೆ ಎಂದು ಅವರು ಯಾವತ್ತೂ ವಿಚಾರಿಸಿದವರಲ್ಲ.

ಮರುದಿನ ಮಧ್ಯಾಹ್ನ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಕಲಿಸಿಕೊಟ್ಟ ಹಾಗೆ ಮೆಲುದನಿಯಲ್ಲಿ ನಮಸ್ಕಾರ ಎಂದೆ. ಆ ಕಡೆಯಿಂದ ಬಂದ ದನಿ ಕೇಳಿ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಅತ್ತೆ. ಗಡೀಪಾರಾದ ಸೋಯಾ ಎಣ್ಣೆಯ ಪ್ಯಾಕೆಟ್ಟನ್ನು ಕಸಕ್ಕೆ ಹಾಕುವ ಮುಂಚೆ ಅದರ ಮೇಲಿದ್ದ ನಂಬರ್ ನೋಡಿ ಫೋನ್ ಮಾಡಿದ್ದರಂತೆ. ಸೊಸೆಗೆ ಸಲ್ಲದ ಬಹುವಚನ, ಗುರುತಿಲ್ಲದ ಹೆಂಗಸಿಗೆ ಧಾರಾಳವಾಗಿ ಸಿಕ್ಕಿತು. ಯಜಮಾನರು ಸೊರಗಿ ಹೋಗಿದ್ದಾರೆ, ಏನು ಕೊಡಲೂ ಹೆದರಿಕೆ, ಮನೆಯಲ್ಲಿ ಹೇಳುವವರು ಒಬ್ಬರೂ ಇಲ್ಲ ಎಂದರು. ಅವರು ಹೆದರಿದ್ದಾರೆ ಎಂದು ನನಗೆ ಹೊಳೆದದ್ದೇ ಆಗ. ಅಲ್ಲಿಯವರೆಗೆ ಬರೀ ಮೊಂಡುತನ ಅಂದುಕೊಂಡಿದ್ದೆ.

ಹಿಂದೆ ಸೂಪರ್‌ವೈಸರ್ ಓಡಾಡುತ್ತಿದ್ದರು. ನಾನು ಮೂರೂ ಕಾರ್ಡುಗಳನ್ನು ಮಗುಚಿ ಇಟ್ಟೆ.

ಟೊಮೇಟೊಗೆ ಮೀನಿನ ವಂಶವಾಹಿ ಸೇರಿಸಿ ನೋಡಿದ್ದು ನಿಜ, ಹಿಂದೊಮ್ಮೆ ಪ್ರಯೋಗಾಲಯದಲ್ಲಿ. ಅದು ಅಂಗಡಿಗೆ ಬರಲೇ ಇಲ್ಲ ಎಂದೆ. ಬೀಜವಿಲ್ಲದ ದ್ರಾಕ್ಷಿ ಹಳೆಯ ಕಾಲದಿಂದಲೂ ಇದೆ, ಬಳ್ಳಿಯ ಕಡ್ಡಿ ನೆಟ್ಟು ಬೆಳೆಸುತ್ತಾರೆ ಎಂದೆ. ಮೆಕ್ಕೆಜೋಳ, ಪಪ್ಪಾಯಿ, ಸೋಯಾಗಳಲ್ಲಿ ತಿದ್ದಿದ ತಳಿಗಳು ಇರುವುದು ಹೌದು, ಮಾರಾಟಕ್ಕೆ ಬಿಡುವ ಮೊದಲು ಪರೀಕ್ಷೆ ಮಾಡಿರುತ್ತಾರೆ, ಕಂಪನಿಯ ಹಣ ಮುಟ್ಟದವರೂ ನೋಡಿದ್ದಾರೆ, ತಿಂದವರಿಗೆ ಅದರಿಂದ ಕೆಡುಕಾದದ್ದು ಅವರಿಗೆ ಕಂಡಿಲ್ಲ ಎಂದೆ. ವಿಡಿಯೋ ಕಳಿಸಿದವರು ಅದರ ಜೊತೆಗೆ ಏನಾದರೂ ಮಾರುತ್ತಾರಾ ಎಂದು ಮೆಲ್ಲಗೆ ಕೇಳಿದೆ.

ಹೂಂ, ಪುಡಿ ಮಾರ್ತಾಳೆ ಎಂದರು ಅತ್ತೆ. ಆಮೇಲೆ ಕೇಳಿದರು: "ಇದನ್ನೆಲ್ಲ ತಿಂದ್ರೆ ಐವತ್ತು ವರ್ಷ ಆದ್ಮೇಲೂ ಯಾರಿಗೂ ಏನೂ ಆಗಲ್ಲ ಅಂತ ಬರ್ಕೊಡ್ತೀರಾ?"

ಹಸಿರು ಕಾರ್ಡಿನ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಸೂಪರ್‌ವೈಸರ್ ಬೆನ್ನ ಹಿಂದೆಯೇ ನಿಂತಿದ್ದರು.

"ಇಲ್ಲಮ್ಮ," ಎಂದೆ. "ಅಷ್ಟು ದೂರದ್ದು ನನಗೆ ಗೊತ್ತಿಲ್ಲ. ಇವತ್ತು ಅವರು ಹಸಿದಿದ್ದಾರೆ ಅನ್ನೋದು ಮಾತ್ರ ಗೊತ್ತು."

ಸೂಪರ್‌ವೈಸರ್ ಕೆಟ್ಟವರಲ್ಲ. ಒಳಗೆ ಕರೆದು ಧ್ವನಿಮುದ್ರಣವನ್ನು ಮತ್ತೆ ಕೇಳಿಸಿದರು. ಸರಿಯಾದ ಮಾಹಿತಿ ಕೊಟ್ಟಿದ್ದನ್ನು ಬೇಕಾದರೆ ಮೊದಲ ಸಲ ಎಂದು ಮನ್ನಿಸಬಹುದಿತ್ತಂತೆ. ಆದರೆ ಗೊತ್ತಿಲ್ಲ ಎಂದರೆ ಜನ ನಮ್ಮನ್ನು ಹೇಗೆ ನಂಬುತ್ತಾರೆ ಎಂದು ನಿಜವಾದ ದುಃಖದಿಂದ ಕೇಳಿದರು. ನಾಳೆಯಿಂದ ನನ್ನನ್ನು ಫೋನಿನಿಂದ ಎಬ್ಬಿಸಿ ಮರುತರಬೇತಿಗೆ ಕೂರಿಸುವುದೆಂದಾಯಿತು.

ಸಂಜೆ ಮುಖ ಇಳಿಬಿಟ್ಟುಕೊಂಡು ಮನೆಗೆ ಬಂದರೆ ಮಾವನ ತಟ್ಟೆಯಲ್ಲಿ ಕೆಂಪಗೆ ಬೇಯಿಸಿದ ಟೊಮೇಟೊ. ಅವರು ತಲೆ ಎತ್ತದೆ ತಿನ್ನುತ್ತಿದ್ದರು.

ಅತ್ತೆ ಸೌಟು ಹಿಡಿದೇ ಭಾಷಣ ಮಾಡಿದರು. ಸಹಾಯವಾಣಿಯಲ್ಲಿ ಒಬ್ಬ ತಿಳಿವಳಿಕಸ್ಥೆ ಸಿಕ್ಕಿದಳಂತೆ, ದನಿ ಸ್ವಲ್ಪ ನನ್ನ ಹಾಗೇ ಇತ್ತಂತೆ, ಆದರೆ ತಾಳ್ಮೆ ಇತ್ತಂತೆ.

"ಕೊನೆಗೆ ಗೊತ್ತಿಲ್ಲ ಅಂದ್ಲು ನೋಡು, ಆಗ ನಂಗೆ ಅವಳು ಹೇಳಿದ್ದೆಲ್ಲ ನಿಜ ಅನ್ನಿಸ್ತು. ಈ ಮನೆಗೆ ಕಾಲಿಟ್ಟಾಗಿಂದ ನಿನ್ನ ಬಾಯಲ್ಲಿ ಆ ಮಾತು ಬಂದಿದ್ದು ನಾ ಕೇಳಿಲ್ಲ."

ಆ ಹೆಂಗಸು ನಾನೇ ಎಂದು ಹೇಳಲು ಬಾಯಿ ತೆರೆದೆ. ಮಾವ ಇನ್ನೊಂದು ಟೊಮೇಟೊ ಕೇಳಿದರು. ಹೇಳಿಬಿಟ್ಟರೆ ಅದೂ ಗಡೀಪಾರಾದೀತು ಎಂದು ಬಾಯಿ ಮುಚ್ಚಿಕೊಂಡೆ.

ಮರುದಿನ ಇಡೀ ಹೊತ್ತು ನಾನು ತರಬೇತಿ ಕೋಣೆಯಲ್ಲಿ, ಎಲ್ಲ ಗೊತ್ತಿರುವ ದನಿಯನ್ನು ಅಭ್ಯಾಸ ಮಾಡುತ್ತ ಕುಳಿತಿದ್ದೆ. ಮನೆಗೆ ಬಂದಾಗ ಅತ್ತೆ ಅಡುಗೆಮನೆಯಲ್ಲಿ ಬಾಣಲೆಯ ಮುಂದೆ ನಿಂತಿದ್ದರು. ಪಕ್ಕದಲ್ಲಿ ಕಸಕ್ಕೆ ಹೋಗದೆ ಉಳಿದಿದ್ದ, ಇನ್ನೂ ಒಡೆಯದ ಸೋಯಾ ಎಣ್ಣೆಯ ಪ್ಯಾಕೆಟ್ಟು. ಮತ್ತೆ ಫೋನ್ ಮಾಡಿ, ನಿನ್ನೆ ಗೊತ್ತಿಲ್ಲ ಅಂದವರನ್ನು ಕರೆಯಿರಿ ಎಂದು ಕೇಳಿದರಂತೆ. ನಮ್ಮಲ್ಲಿ ಗೊತ್ತಿಲ್ಲದವರು ಯಾರೂ ಇಲ್ಲ ಮೇಡಂ ಎಂದು ಉತ್ತರ ಬಂತಂತೆ.

"ಎಲ್ಲರಿಗೂ ಎಲ್ಲ ಗೊತ್ತಂತೆ. ಯಾರನ್ನ ನಂಬೋದು? ಫೋನ್ ಇಟ್ಬಿಟ್ಟೆ," ಎಂದರು. ಆಮೇಲೆ ನನ್ನ ಕಡೆ ನೋಡದೆ, ಪ್ಯಾಕೆಟ್ಟಿನ ಅಂಚನ್ನು ಉಗುರಿನಿಂದ ಕೆರೆಯುತ್ತ ಕೇಳಿದರು. "ಈ ಎಣ್ಣೆ ಹಾಕ್ಬೋದೇನೇ?"

ನನ್ನ ವಾದವೆಲ್ಲ ಎದ್ದು ಗಂಟಲಿಗೆ ಬಂತು. ನುಂಗಿಕೊಂಡೆ.

"ಗೊತ್ತಿರೋಷ್ಟು ಹೇಳ್ತೀನಿ ಅತ್ತೆ. ಮಿಕ್ಕಿದ್ದು ನಂಗೂ ಗೊತ್ತಿಲ್ಲ."

ಅವರು ತಿರುಗಿ ನನ್ನ ಮುಖವನ್ನೇ ನೋಡಿದರು. ಕಾಲಿನಿಂದ ಸ್ಟೂಲನ್ನು ನನ್ನ ಕಡೆಗೆ ಸರಿಸಿದರು.

"ಕೂತ್ಕೋ. ನಿಧಾನವಾಗಿ ಹೇಳು."

ಒಳಕೋಣೆಯಿಂದ ಮಾವನ ದನಿ ಕೇಳಿತು. ಎಷ್ಟೋ ದಿನಗಳ ಮೇಲೆ ಅದರಲ್ಲಿ ಕಸುವು ಬಂದಿತ್ತು.

"ಒಲೆ ಹಚ್ಚಿ ಕೇಳಿಸ್ಕೊಳ್ಳೇ, ಬಾಣಲೆ ಕಾಯೋವಷ್ಟು ಹೊತ್ತಲ್ಲಿ ಅವಳು ಹೇಳ್ತಾಳೆ."