ಗುಂಡಿ ಅಂಗಡಿಯ ಇನ್ನೊಂದು ಹೆಸರು

ಹೊಲಿಗೆ ಅಂಗಡಿಯ ಅಕ್ಕ ಮೂರು ದಿನದಿಂದ ತಂಗಿಯ ಜೊತೆ ಮಾತು ಬಿಟ್ಟಿದ್ದಾಳೆ. ಇಬ್ಬರ ಮಿಷನ್ನೂ ಎದುರುಬದುರು. ಕತ್ತರಿ ಬೇಕಾದರೂ ಬಾಯಿಬಿಟ್ಟು ಕೇಳುವುದಿಲ್ಲ, ಎದ್ದು ಹೋಗಿ ತೆಗೆದುಕೊಳ್ಳುತ್ತಾಳೆ. ಇಷ್ಟಕ್ಕೆಲ್ಲ ಕಾರಣ ಬ್ಯಾಂಕ್ ಸ್ಟೇಟ್‌ಮೆಂಟಿನ ಒಂದೇ ಒಂದು ಸಾಲು.

'ಎನ್.ಕೆ.ಆರ್. ಟ್ರೇಡರ್ಸ್, 1840.'

ಆ ಹೆಸರಿನ ಅಂಗಡಿಗೆ ಅಕ್ಕ ಜನ್ಮದಲ್ಲಿ ಕಾಲಿಟ್ಟಿಲ್ಲ. ಕಾರ್ಡು ಹಿಡಿದು ಪೇಟೆಗೆ ಹೋಗುವವಳು ತಂಗಿ. ಅದೇ ವಾರ ಅವಳ ಕಾಲಿಗೆ ಹೊಸ ಚಪ್ಪಲಿ ಬಂದಿತ್ತು. ಸ್ಟೇಟ್‌ಮೆಂಟ್ ನೋಡಿದ ದಿನವೇ, ಕಾಜಾಕ್ಕೆ ಗುಂಡಿ ಹೊಂದಿಸಿದಷ್ಟು ಸಲೀಸಾಗಿ ಅಕ್ಕ ಎರಡನ್ನೂ ಹೊಂದಿಸಿಬಿಟ್ಟಳು.

"ಚಪ್ಪಲಿ ಎಲ್ಲಿ ತಗೊಂಡೆ?"

"ಗೆಳತಿ ಕೊಟ್ಟಿದ್ದು. ಯಾಕೆ, ಕದ್ದೆ ಅಂತಾನಾ?"

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ," ಎಂದಳು ಅಕ್ಕ.

ಆ ಮಾತು ತಂಗಿಗೆ ನಾಟಿತು. "ನಂಬಿಕೆ ಇಲ್ಲದ ಕಡೆ ನಾನ್ಯಾಕಿರಲಿ? ಸೋಮವಾರದಿಂದ ಗಾರ್ಮೆಂಟ್ಸ್‌ಗೆ ಹೋಗ್ತೀನಿ. ಅಲ್ಲೇ ಹಾಸ್ಟೆಲ್ ಇದೆ," ಎಂದು ಟ್ರಂಕಿಗೆ ಬಟ್ಟೆ ತುಂಬಿದಳು. ಅಮ್ಮ ತೀರಿಕೊಂಡ ಮೇಲೆ ಅಕ್ಕನೇ ತಲೆ ಬಾಚಿ, ತುತ್ತು ಕೊಟ್ಟು ಬೆಳೆಸಿದ ಹುಡುಗಿ ಅವಳು. ಅಕ್ಕನಿಗೆ ಸಂಕಟವಾಯಿತು. ಆದರೂ ಹಟ ಬಿಡಲಿಲ್ಲ.

ಶನಿವಾರ ಮಧ್ಯಾಹ್ನ, ಬ್ಯಾಂಕಿನ ಕೌಂಟರಿನಲ್ಲಿ ಕೂರುವ ಮೇಡಂ ತಮ್ಮ ಕೋಟಿನ ಟ್ರಯಲ್ ನೋಡಲು ಬಂದರು. ಅವರು ಪಕ್ಕದ ಬೀದಿಯವರೇ.

"ಏನಿದು, ಮಿಷನ್ ಬಿಟ್ರೆ ಯಾರೂ ಮಾತಾಡ್ತಾನೇ ಇಲ್ಲ?"

ಅಕ್ಕ ಮೊಬೈಲಿನಲ್ಲಿದ್ದ ಸ್ಟೇಟ್‌ಮೆಂಟ್ ಮುಂದೆ ಹಿಡಿದಳು. "ನೋಡಿ ಮೇಡಂ. ಹೆಸರೇ ಕೇಳದ ಅಂಗಡಿ. ಕಾರ್ಡ್ ಇರೋದು ಮನೆಯವರ ಕೈಲೇ. ಇನ್ಯಾರು ಖರ್ಚು ಮಾಡ್ತಾರೆ?"

ತಂಗಿಯ ಮಿಷನ್ ನಿಂತಿತು.

"ಸ್ವಲ್ಪ ತಾಳಿ," ಎಂದರು ಮೇಡಂ. "ಬೋರ್ಡ್ ಮೇಲಿರೋ ಹೆಸರೇ ಇದರಲ್ಲಿ ಬರ್ಬೇಕು ಅಂತಿಲ್ಲ. ಅಂಗಡಿ ಯಾವ ಹೆಸರಲ್ಲಿ ನೋಂದಣಿ ಆಗಿದ್ಯೋ ಅದೂ ಬರಬಹುದು. ಕೆಲವು ಸಲ ಹೆಡ್ಡಾಫೀಸ್ ಹೆಸರು ಬರುತ್ತೆ. ತಾರೀಕೂ ಒಂದೆರಡು ದಿನ ಆಚೀಚೆ ಆಗುತ್ತೆ."

"ಅದ್ಹೇಗೆ ಮೇಡಂ? ಒಂದು ಅಂಗಡಿಗೆ ಎರಡು ಹೆಸರಾ?"

"ನಿಮ್ಮನ್ನ ಬೀದಿಯವರೆಲ್ಲ ಟೈಲರಕ್ಕ ಅಂತಾರೆ. ಪಾಸ್‌ಬುಕ್ಕಲ್ಲಿ ಹಾಗೇ ಇದೆಯಾ?"

ತಂಗಿ ಕಿಸಕ್ಕನೆ ನಕ್ಕು, ಸಿಟ್ಟು ನೆನಪಾಗಿ ಬಾಯಿ ಮುಚ್ಚಿಕೊಂಡಳು.

ಮೇಡಂ ಅವಳತ್ತ ತಿರುಗಿದರು. "ಈ ತಿಂಗಳು ಕಾರ್ಡಲ್ಲಿ ಎಲ್ಲೆಲ್ಲಿ ಸಾಮಾನು ತಗೊಂಡೆ?"

"ದಾರ, ಲೈನಿಂಗ್ ತರೋ ಗುಂಡಿ ಅಂಗಡೀಲಿ ಒಂದು ಸಲ. ಅಷ್ಟೇ ಮೇಡಂ. ಎಷ್ಟಾಯ್ತೋ ನೆನಪಿಲ್ಲ."

"ಹಾಗಾದ್ರೆ ಗುಂಡಿ ಅಂಗಡಿಯ ಸಾಲು ಇಲ್ಲಿ ಎಲ್ಲಿದೆ?"

ಅಕ್ಕ ಮೇಲಿಂದ ಕೆಳಗೆ ಎರಡು ಸಲ ನೋಡಿದಳು. ಎಲ್ಲೂ ಇರಲಿಲ್ಲ.

"ಆವತ್ತಿನ ಬಿಲ್ ತೆಗೀರಿ."

ಅಕ್ಕತಂಗಿಯರು ಮೂರು ದಿನದಲ್ಲಿ ಮೊದಲ ಸಲ ಮುಖ ಮುಖ ನೋಡಿಕೊಂಡರು. ಈ ಅಂಗಡಿಯಲ್ಲಿ ಬಿಲ್ಲು ಬಿಲ್ಲಾಗಿ ಉಳಿಯುವುದಿಲ್ಲ. ಅದರ ಹಿಂಬದಿಯಲ್ಲಿ ಅಕ್ಕ ಗಿರಾಕಿಯ ಅಳತೆ ಬರೆದು ಬಟ್ಟೆಗೆ ಪಿನ್ನು ಚುಚ್ಚುತ್ತಾಳೆ. ಚೀಟಿಗೆ ಯಾಕೆ ದಂಡ ಖರ್ಚು ಎಂಬ ಜಾಣತನ ಅದು. ಬಟ್ಟೆ ಹೊಲಿದಾದ ಮೇಲೆ ಚೀಟಿ ಕಸದ ಬುಟ್ಟಿಗೆ.

"ಅಂದ್ರೆ ನನ್ನ ಅಳತೆ ಕೂಡ?" ಎಂದು ಮೇಡಂ ಅರೆ ಹೊಲಿದ ಕೋಟಿನ ತೋಳಿನತ್ತ ನೋಡಿದರು. ಅಲ್ಲೊಂದು ಚೀಟಿ ನೇತಾಡುತ್ತಿತ್ತು. "ತಿರುಗಿಸಿ. ಆದ್ರೆ ಸೊಂಟದ ಅಳತೆ ಜೋರಾಗಿ ಓದ್ಬೇಡಿ!"

ಅಕ್ಕ ಪಿನ್ನು ಬಿಚ್ಚಿ ಚೀಟಿ ತಿರುಗಿಸಿದಳು. ಅಕ್ಷರ ಮಸುಕಾಗಿತ್ತು, ಆದರೂ ಓದಲು ಬಂತು. ಲೈನಿಂಗ್, ದಾರ, ಕೋಟಿನ ಗುಂಡಿ. ಒಟ್ಟು 1840. ಎಲ್ಲಕ್ಕಿಂತ ಕೆಳಗೆ, ಇರುವೆ ಸಾಲಿನಷ್ಟು ಸಣ್ಣದಾಗಿ: ಎನ್.ಕೆ.ಆರ್. ಟ್ರೇಡರ್ಸ್.

"ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ ಹಾಗಾಯ್ತು," ಎಂದು ಮೇಡಂ ನಕ್ಕರು.

ಅಕ್ಕ ನಗಲಿಲ್ಲ. "ಬಿಲ್ ಸಿಗದೇ ಹೋಗಿದ್ರೆ ಏನು ಮಾಡ್ಬೇಕಿತ್ತು ಮೇಡಂ?"

"ಅಂಗಡಿಗೆ ಹೋಗಿ ಕೇಳ್ಬೇಕು. ಅಲ್ಲೂ ಗೊತ್ತಾಗದಿದ್ರೆ ಕಾರ್ಡಿನ ಹಿಂದಿರೋ ನಂಬರಿಗೆ ತಕ್ಷಣ ಫೋನ್ ಮಾಡಿ ಕಾರ್ಡ್ ನಿಲ್ಲಿಸಿ, ದೂರು ಕೊಡ್ಬೇಕು. ಅದು ನಿಜವಾಗ್ಲೂ ಕಳ್ಳರ ಕೆಲಸ ಆಗಿದ್ರೆ, ನೀವು ಮುನಿಸಿಕೊಂಡು ಕೂತ ಮೂರು ದಿನವೂ ಅವರಿಗೇ ಲಾಭ. ಇನ್ನೊಂದು ಮಾತು. ಪಿನ್ ನಂಬರ್, ಓಟಿಪಿ ಯಾರು ಕೇಳಿದ್ರೂ ಹೇಳ್ಬೇಡಿ. ನಾನು ಕೇಳಿದ್ರೂ!"

ಮೇಡಂ ಹೋದ ಮೇಲೆ ಅಕ್ಕ ಸೀದಾ ಒಳಗೆ ಹೋಗಿ ಟ್ರಂಕು ತೆರೆದಳು. ತಂಗಿಯ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಕಪಾಟಿನಲ್ಲಿಟ್ಟಳು. ಕಣ್ಣು ತುಂಬಿತ್ತು.

"ತಪ್ಪಾಯ್ತು ಕಣೇ. ಹೋಗ್ಬೇಡ."

"ಹೊಸ ಚಪ್ಪಲಿ ಚೆನ್ನಾಗಿದೆ ಅಂತ ಒಂದು ಮಾತಾದ್ರೂ ಹೇಳಬಹುದಿತ್ತಲ್ಲಕ್ಕ?"

"ಚೆನ್ನಾಗಿದೆ. ನಿನ್ನ ಕಾಲಿಗೆ ಒಪ್ಪುತ್ತೆ."

ಸೋಮವಾರ ತಂಗಿ ಗಾರ್ಮೆಂಟ್ಸ್‌ಗೆ ಹೋಗಲಿಲ್ಲ. ಗೋಡೆಗೊಂದು ಮೊಳೆ ಹೊಡೆದು, ಬಿಲ್ಲು ಚುಚ್ಚಿಡಲು ತಂತಿ ಕಟ್ಟಿದಳು. ಅಳತೆ ಬರೆಯಲು ಅಕ್ಕ ಒಂದು ನೋಟ್‌ಬುಕ್ ತಂದಳು. ಕೊನೆಗೂ ಖರ್ಚು ಮಾಡಿದಳು ಅನ್ನಿ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಸ್ಟೇಟ್‌ಮೆಂಟಿನಲ್ಲೂ ಗುರುತಿಲ್ಲದ ಹೆಸರು ಕಂಡೀತು. ಗಾಬರಿ ಬೇಡ, ಉದಾಸೀನವೂ ಬೇಡ. ಮೊತ್ತ ನೋಡಿ, ತಾರೀಕು ನೋಡಿ, ಬಿಲ್ಲಿನ ಕೊನೆಯ ಸಾಲಿನವರೆಗೂ ಓದಿ. ಮನೆಯವರನ್ನು ಕೇಳಿ, ಆದರೆ ಕಳ್ಳರನ್ನು ಕೇಳುವಂತೆ ಕೇಳಬೇಡಿ. ಆಗಲೂ ತಿಳಿಯದಿದ್ದರೆ ಅವತ್ತೇ ಬ್ಯಾಂಕಿಗೆ ತಿಳಿಸಿ. ತಪ್ಪಾಗಿ ಹೋದ ದುಡ್ಡನ್ನು ಬ್ಯಾಂಕು ಹುಡುಕಿ ಕೊಟ್ಟೀತು. ಆಡಿದ ಮಾತನ್ನು ಯಾವ ಬ್ಯಾಂಕೂ ವಾಪಸ್ ತಂದುಕೊಡುವುದಿಲ್ಲ.