ಸಕ್ಕರೆಯ ಗುರುತು

ಕಾಜರಿ ಮಂಡಲ್ ಕಲ್ಕತ್ತೆಯ ನಮ್ಮ ಪ್ರಯೋಗಾಲಯಕ್ಕೆ ಬಂದದ್ದು ಗೋಸಾಬಾ ದ್ವೀಪದಿಂದ. ಚಂಡಮಾರುತ ಬಡಿದ ವರ್ಷ ಅವಳ ತಂಗಿ ಪುತುಲ್ ಕಾಲರಾದಿಂದ ತೀರಿಕೊಂಡಿದ್ದಳು. ಅದನ್ನು ಅವಳು ನನಗೊಬ್ಬಳಿಗೇ ಹೇಳಿದ್ದಳು.

ಕಾಲರಾದ ವಿಷ ಒಂದು ಪ್ರೋಟೀನು. ಕರುಳಿನ ಕೋಶಗಳ ಪೊರೆಯಲ್ಲಿ ಸಕ್ಕರೆ ಹೊತ್ತ ಕೊಬ್ಬಿನ ಕಣಗಳಿರುತ್ತವೆ. ಆ ಸಕ್ಕರೆಯನ್ನು ಗುರುತು ಹಿಡಿದೇ ವಿಷ ಒಳನುಗ್ಗುತ್ತದೆ. ಅಂಥದೇ ಕೊಬ್ಬನ್ನು ನಾವು ತಯಾರಿಸಿ ವಿಷವನ್ನು ದಾರಿಯಲ್ಲೇ ತಡೆಯಬೇಕೆಂಬುದು ನಮ್ಮ ಹಿರಿಯರಾದ ಸಾನ್ಯಾಲ್ ಸರ್ ಅವರ ಬಹುಕಾಲದ ಆಸೆ.

ಕಾಜರಿ ಆ ಕೊಬ್ಬನ್ನು ನೀರಿನ ಮೇಲೆ ತೆಳ್ಳಗೆ ಪೊರೆಯಂತೆ ಹರಡಿ, ಹೊಳೆಯುವ ಬಣ್ಣ ಕಟ್ಟಿದ ವಿಷದ ಪ್ರೋಟೀನನ್ನು ಕೆಳಗೆ ಬಿಟ್ಟಳು. ಪೊರೆ ಹಸಿರಾಗಿ ಹೊಳೆಯಿತು. ವಿಷ ಸಕ್ಕರೆಯನ್ನು ಗುರುತು ಹಿಡಿದು ಅಂಟಿಕೊಂಡಿದೆ ಎಂದುಕೊಂಡೆವು. ಸರ್ ತಾವೇ ಹೋಗಿ ಸಂದೇಶ್ ಮಿಠಾಯಿ ತಂದು ಹಂಚಿದರು. ಅವರ ನಿವೃತ್ತಿಗೆ ಮುಂಚಿನ ಕೊನೆಯ ಭಾಷಣದಲ್ಲಿ, ದೆಹಲಿಯ ಸಭೆಯಲ್ಲಿ, ಇದನ್ನೇ ಹೇಳುವುದೆಂದಾಯಿತು.

ಮರುದಿನ ಕಾಜರಿ ನನ್ನನ್ನು ಕರೆದಳು. "ಶುಭ್ರಾದಿ, ಸ್ವಲ್ಪ ಬಂದು ನೋಡಿ."

ಹೋಲಿಸಿ ನೋಡಲೆಂದು ಅವಳು ಹರಡಿದ್ದು ಸಕ್ಕರೆಯೇ ಇಲ್ಲದ ಕೊಬ್ಬಿನ ಪೊರೆ. ಅದೂ ಅಷ್ಟೇ ಹೊಳೆಯುತ್ತಿತ್ತು.

"ವಿಷ ಸಕ್ಕರೆನ ಗುರುತು ಹಿಡೀಲೇ ಇಲ್ಲ, ದಿದಿ. ಪೊರೆಯಲ್ಲಿ ಸಂದಿ ಸಿಕ್ಕಿದ ಕಡೆ ತೂರ್ಕೊಂಡಿದೆ ಅಷ್ಟೆ."

"ಸರ್‌ಗೆ ಹೇಳ್ತೀಯಾ?"

"ಇದು ನಿಜ ಆಗ್ಲಿ ಅಂತ ನನಗಿಂತ ಜಾಸ್ತಿ ಆಸೆ ಯಾರಿಗಿತ್ತು ಹೇಳಿ? ಆದ್ರೂ ಹೇಳ್ಲೇಬೇಕಲ್ಲ."

ಸರ್ ಬಂದು ಬಹಳ ಹೊತ್ತು ನೋಡಿದರು. "ಸಂದೇಶ್ ತಿಂದು ಮುಗಿಸಿದ್ಮೇಲೆ ಹೇಳ್ತೀಯಲ್ಲೇ, ಹುಡುಗಿ!" ನಗಲು ಹೋದರು, ಆಗಲಿಲ್ಲ. ನಮ್ಮೆದುರೇ ದೆಹಲಿಗೆ ಫೋನು ಮಾಡಿ, "ನಾನು ತಪ್ಪು ತಿಳ್ಕೊಂಡಿದ್ದೆ, ಭಾಷಣ ಬೇಡ," ಎಂದರು. ಕಾಜರಿಯ ಹೆಸರೆತ್ತಲಿಲ್ಲ.

ನಿವೃತ್ತಿಯಾದ ಮೇಲೂ ಅವರು ಬರುತ್ತಲೇ ಇದ್ದರು. ಸಕ್ಕರೆ ಪೊರೆಯಿಂದ ಮೇಲೆದ್ದು ನಿಲ್ಲುವಂತೆ, ಅದನ್ನು ಕೊಬ್ಬಿಗೆ ಜೋಡಿಸುವ ತೊಟ್ಟನ್ನು ಉದ್ದ ಮಾಡಿದೆವು. ಸಂದಿ ಉಳಿಯದಂತೆ ಪೊರೆಯನ್ನು ಒತ್ತಿ ಬಿಗಿ ಮಾಡಿದೆವು. ಎಷ್ಟೋ ಸಲ ಕೆಟ್ಟಿತು. ದುರ್ಗಾಪೂಜೆ ಕಳೆದ ಮೇಲೆ ಒಂದು ಬೆಳಿಗ್ಗೆ ಸಕ್ಕರೆಯಿಲ್ಲದ ಪೊರೆ ಕತ್ತಲಾಗೇ ಉಳಿಯಿತು, ಸಕ್ಕರೆಯದು ಹೊಳೆಯಿತು. ನೀರಿಗೆ ಅದೇ ಸಕ್ಕರೆಯನ್ನು ಬಿಡಿಯಾಗಿ ಬೆರೆಸಿದಾಗ ಪ್ರೋಟೀನು ಅದನ್ನು ಹಿಡಿದುಕೊಂಡು ಪೊರೆಯನ್ನು ಬಿಟ್ಟಿತು, ಹೊಳಪು ಇಳಿಯಿತು. ಗುರುತು ಹಿಡಿದದ್ದು ಖಚಿತವಾಯಿತು. ಸರ್ ಕಾಜರಿಯ ತಲೆಯ ಮೇಲೆ ಕೈಯಿಟ್ಟರು.

ಆ ವಾರ ಅವಳ ಜೊತೆ ನಾನೂ ಗೋಸಾಬಾಕ್ಕೆ ಹೋದೆ. ಅನ್ನ ಬಡಿಸುತ್ತಾ ಅವಳ ತಾಯಿ ಕೇಳಿದರು, "ಔಷಧಿ ಸಿಕ್ತೇನೇ?"

"ಇಲ್ಲ, ಮಾ. ಅದಿನ್ನೂ ದೂರ. ಆ ವಿಷ ಹೇಗೆ ಹಿಡ್ಕೊಳ್ಳುತ್ತೆ ಅನ್ನೋದನ್ನ ಮಾತ್ರ ಕಣ್ಣಾರೆ ನೋಡ್ದೆ."

ತಾಯಿ ಸೌಟು ಕೆಳಗಿಟ್ಟರು. "ನಮ್ಮ ಪುತುಲ್‌ನ ಹಿಡ್ಕೊಂಡಿದ್ದೂ ಹಾಗೇನಾ?"

ಕಾಜರಿ ಹೌದೆಂದು ತಲೆಯಾಡಿಸಿದಳು. ಕಲ್ಕತ್ತೆಯಲ್ಲಿ ಒಂದು ದಿನವೂ ಅಳದಿದ್ದವಳು ಅಂದು ತಾಯಿಯ ಮಡಿಲಲ್ಲಿ ಮುಖವಿಟ್ಟು ಅತ್ತಳು.